ನಾಣ್ಯದ ಬಾಗಿಲಿಗೆ ಗಂಧ

“ಹಲೋ... ಯಾರು ಮಾತಾಡ್ತಿರೋದು? ... ಹಾಂ, ಸೀನನಾ? ನಾನು ಶಾಮಲಾ, ವಡಾಲದಿಂದ. ಆಟದ ಮೆಶೀನ್ ರಿಪೇರಿ ಮಾಡೋಳು. ಮನೀಶ್ ಮೊಬೈಲ್ ಎತ್ತುತ್ತಾ ಇಲ್ಲ, ಅದಕ್ಕೇ ಕೌಂಟರ್ ನಂಬರಿಗೆ ಮಾಡ್ದೆ. ಕರಿ ಅವನನ್ನ.”

“... ಬಿಜಿ ಅಂದ್ರೆ? ... ನಾನೂ ಬಿಜಿನೇ. ಮೊಣಕೈವರೆಗೂ ಜಿರಳೆ ಹಿಕ್ಕೆ ಮೆತ್ತಿಕೊಂಡು ನಿಂತಿದೀನಿ ಅಂತ ಹೇಳು. ಬರ್ತಾನೆ.”

ಆಕೆ ಹೇಳಿದ್ದರಲ್ಲಿ ಉತ್ಪ್ರೇಕ್ಷೆಯೇನೂ ಇರಲಿಲ್ಲ. ನಗರದ ಇನ್ನೊಂದು ತುದಿಯ ಮಲಾಡಿನಲ್ಲಿ ಬಾಗಿಲು ಮುಚ್ಚಿದ ವಿಡಿಯೋ ಗೇಮ್ ಪಾರ್ಲರೊಂದರಿಂದ ಮನೀಶ್ ಎರಡು ಹಳೆಯ ಯಂತ್ರಗಳನ್ನು ಕೊಂಡು ತಂದಿದ್ದ. ಅವನ ಅಪ್ಪ ಚೆನ್ನಯ ಕಟ್ಟಿ ಬೆಳೆಸಿದ ಹೋಟೆಲು ಅಲ್ಲಿಯೇ ಇತ್ತು. ಅದರ ಒಂದು ಮೂಲೆಯಲ್ಲಿ ಹಳೆಯ ಕಾಲದ ಆಟಗಳನ್ನು ಇಡಬೇಕೆಂಬ ಹುಮ್ಮಸ್ಸು ಮಗನದು. ಒಂದು ಯಂತ್ರವನ್ನು ಶಾಮಲಾಳ ವಶಕ್ಕೆ ಕೊಟ್ಟು, ಇದು ಮೂಲತಃ ಯಾವ ಆಟದ್ದೆಂದು ಗುರುತಿಸಿ ಮೊದಲಿನ ರೂಪಕ್ಕೆ ತಂದುಕೊಡಿ ಎಂದು ಕೇಳಿಕೊಂಡಿದ್ದ. ಪಾಲಿಟೆಕ್ನಿಕ್ಕಿನಲ್ಲಿ ಇಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತಳಾದ ಮೇಲೆ ಇಂಥ ಯಂತ್ರಗಳಿಗೆ ಮರುಜೀವ ಕೊಡುವುದೇ ಆಕೆಯ ಉದ್ಯೋಗ. ಮನೀಶ್ ಆಕೆಯ ಹಳೆಯ ವಿದ್ಯಾರ್ಥಿ. ಇನ್ನೊಂದು ಯಂತ್ರ ಹೋಟೆಲಿನ ಗೋದಾಮಿನಲ್ಲಿ ತನ್ನ ಸರದಿಗಾಗಿ ಕಾಯುತ್ತಿದೆ ಎಂದೇ ಆಕೆ ನಂಬಿದ್ದಳು.

“ಹಾಂ, ಮನೀಶ್. ... ನಿನಗೂ ಆಯುಧಪೂಜೆ ಶುಭಾಶಯ. ನನ್ನ ಸ್ಕ್ರೂಡ್ರೈವರಿಗೆ ಮಾತ್ರ ನಿನ್ನ ದೆಸೆಯಿಂದ ಇವತ್ತೂ ರಜೆ ಇಲ್ಲ. ... ಸಿಕ್ತು, ಗುರುತು ಸಿಕ್ತು.”

“... ಇಲ್ಲಪ್ಪ, ನೀನು ಊರಿಗೆಲ್ಲ ಹೇಳ್ಕೊಂಡು ಬಂದಿರೋ ಹಾಗೆ ಹೊಡೆದಾಟದ ಆಟದ್ದಲ್ಲ. ಮುಂದಿನ ತಗಡು ಬಿಚ್ಚಿದೆ. ಅದರಡಿ ಹಲಗೆಯಲ್ಲಿ ಮುಷ್ಟಿ ಹೋಗೋಷ್ಟು ತೂತು, ಅದಕ್ಕೆ ಪುಟ್ಟಿ ಮೆತ್ತಿದಾರೆ. ಸ್ಟೇರಿಂಗ್ ಇದ್ದ ಜಾಗ ಅದು. ಕಾಲ ಹತ್ರ ಪೆಡಲ್ ಇದ್ದ ಕಿಂಡಿಗೆ ಮಿಠಾಯಿ ಡಬ್ಬದ ರಟ್ಟು ಹೊಡೆದಿದಾರೆ. ಕಾರು ಓಡಿಸೋ ಆಟವಾಗಿ ಹುಟ್ಟಿದ್ದು, ಅಲ್ವಾ? ಅದರ ಹೊಟ್ಟೆ ಬಗೆದು, ಯಾವ ಆಟ ಬೇಕಾದ್ರೂ ತುರುಕೋ ಸಾದಾ ಡಬ್ಬ ಮಾಡಿದಾರೆ.”

“... ಆಗುತ್ತೆ, ಸರಿ ಮಾಡ್ಬಹುದು. ನನ್ನ ಸಂಕಟ ಅದಲ್ಲ. ಒಳಗೆ ಇಣುಕಿದ್ರೆ ವಾಕರಿಕೆ ಬರುತ್ತೆ ಮನೀಶ್. ಇಲಿ ಮರಿ ಹಾಕಿದೆ. ಹೋಗ್ಲಿ, ಇಲಿಗೆ ಬುದ್ಧಿ ಇಲ್ಲ. ಆದ್ರೆ ಹಿಂದಿನ ಬಾಗಿಲು ತೆಗೆದು ಒಳಗಡೆಗೇ ಗುಟ್ಕಾ ಉಗಿದಿದಾನಲ್ಲ, ಅವನು ಮನುಷ್ಯ ತಾನೇ?”

ಬಲಗೈಯಲ್ಲಿದ್ದ ಹಳೆಯ ಬಟ್ಟೆಯಿಂದ ಆಕೆ ಮುಂಗೈ ಉಜ್ಜಿಕೊಂಡಳು. ಕಪ್ಪು ಜಿಡ್ಡು ಚರ್ಮದಿಂದ ಬಿಡಲಿಲ್ಲ; ಒಂದು ಕೈಯಿಂದ ಇನ್ನೊಂದಕ್ಕೆ ಹರಡಿತು.

“... ನಗಬೇಡ. ಮುಖ್ಯ ವಿಷಯ ಈಗ ಬರುತ್ತೆ. ಇದರ ತಳದಲ್ಲಿ ಒಂದು ಭಾರದ ಟ್ರಾನ್ಸ್‌ಫಾರ್ಮರ್ ಇರ್ಬೇಕಿತ್ತು. ಗೋಡೆಯ ಕರೆಂಟು ಮೆಶೀನಿನ ಮೈಗೆ ಬರದ ಹಾಗೆ ತಡೆಯೋದೇ ಅದರ ಕೆಲಸ. ಆಟ ಬದಲಾಯಿಸಿದ ಮಹಾಶಯ ಅದನ್ನ ಕಿತ್ತು ತಾಮ್ರಕ್ಕೆ ಮಾರ್ಕೊಂಡಿದಾನೆ. ಸ್ಕ್ರೀನಿನ ಜಾಗಕ್ಕೆ ಯಾರದೋ ಮನೆಯ ಹಳೇ ಟಿವಿ ಬಿಚ್ಚಿ ತುರುಕಿದಾನೆ. ಅರ್ಥಿಂಗ್ ವೈರು ಕತ್ತರಿಸಿ, ಜಡೆ ಹೆಣೆದು ಒಂದು ಮೂಲೆಗೆ ಬಿಟ್ಟಿದಾನೆ. ಪ್ಲಗ್ಗಿಗೆ ಹಾಕಿದ್ರೆ ಮುಂದಿನ ತಗಡು, ನಾಣ್ಯ ಹಾಕೋ ಬಾಗಿಲು, ಎಲ್ಲದರ ಮೇಲೂ ಕರೆಂಟು ಹರಿಯುತ್ತೆ. ಇಷ್ಟು ಹೊಲಸು ಕೆಲಸ ನಾನು ಈ ಜನ್ಮದಲ್ಲಿ ನೋಡಿಲ್ಲ.”

“... ಅದಕ್ಕೇ ಫೋನ್ ಮಾಡಿದ್ದು. ಗೋದಾಮಿನಲ್ಲಿರೋದೂ ಇದೇ ಕೈಯ ಕೆಲಸ, ನನಗೆ ಅನುಮಾನವೇ ಇಲ್ಲ. ನಾನು ಬಂದು ಬಿಚ್ಚೋವರೆಗೆ ಅದನ್ನ ಯಾರೂ ಪ್ಲಗ್ಗಿಗೆ ಹಾಕಬೇಡಿ. ... ಏನಂದೆ?”

“... ಗೋದಾಮಿನಲ್ಲಿ ಇಲ್ವಾ? ... ಹಾಲ್‌ನಲ್ಲಿ. ಯಾವತ್ತಿಂದ? ... ನನಗೆ ಹೇಳದೇನೇ. ... ಬಣ್ಣ ಹೊಡೆಸಿದ್ಯಾ? ... ಟಿವಿ ಸೀರಿಯಲ್ ಸೆಟ್ಟಿಗೆ ಪೇಂಟ್ ಮಾಡೋನ ಕೈಲಿ. ಭಲೇ. ಮತ್ತೆ ಒಳಗೆ ಯಾರು ನೋಡಿದ್ರು? ... ಯಾರೂ ನೋಡಿಲ್ಲ.”

“... ಚಾಲೂ ಇದೆಯಾ? ... ಈಗ, ಈ ಕ್ಷಣ ಚಾಲೂ ಇದೆಯಾ ಅಂತ ಕೇಳ್ತಿದೀನಿ. ... ಪೂಜೆ ಹೊತ್ತಿಗೆ ಲೈಟು ಮಿನುಗ್ತಾ ಇರ್ಲಿ ಅಂತ.”

ಶಾಮಲಾ ಕೈಯಲ್ಲಿದ್ದ ಬಟ್ಟೆಯನ್ನು ನೆಲಕ್ಕೆ ಎಸೆದಳು.

“ಇವತ್ತು ಯಂತ್ರಕ್ಕೆ ವಿಶ್ರಾಂತಿ ಕೊಡೋ ದಿನ ಕಣೋ. ಗ್ರೈಂಡರನ್ನೂ ನಿಲ್ಲಿಸಿ ಪೂಜೆ ಮಾಡ್ತೀರಿ, ಇದನ್ನ ಮಾತ್ರ ಕುಣಿಸ್ತಾ ನಿಲ್ಲಿಸಿದೀಯಾ? ... ಸರಿ, ಅದು ಬಿಡು. ಮುಟ್ಟಿದ್ರೆ ಏನಾದ್ರೂ ಅನ್ನಿಸುತ್ತಾ? ... ಚುರುಚುರು ಅನ್ನುತ್ತೆ. ನಿನಗೆ ಮೊದಲೇ ಗೊತ್ತಿತ್ತು. ... ಚಪ್ಪಲಿ ಹಾಕ್ಕೊಂಡು ಮುಟ್ಟಿದ್ರೆ ಏನೂ ಆಗಲ್ಲ ಅಂತ ಯಾರು ಹೇಳಿದ್ದು? ... ನಿಮ್ಮ ಮನೆ ಫ್ರಿಜ್ಜೂ ಹಾಗೇ ಹೊಡೆಯುತ್ತೆ. ಹಾಂ. ನಿನಗೆ ಅರ್ಥಿಂಗ್ ಪಾಠ ಮಾಡಿದ್ದು ನಾನು ಅನ್ನೋದನ್ನ ದಯವಿಟ್ಟು ಎಲ್ಲೂ ಹೇಳ್ಬೇಡ.”

“... ಈಗ ಕಾಲಲ್ಲಿ ಚಪ್ಪಲಿ ಇದೆಯಾ?”

ಉತ್ತರ ಬರುವ ಮೊದಲೇ ಉತ್ತರವೇನೆಂದು ಆಕೆಗೆ ಹೊಳೆದಿತ್ತು. ವರ್ಷವಿಡೀ ಹೋಟೆಲಿನಲ್ಲಿ ಚಪ್ಪಲಿ ಮೆಟ್ಟಿಯೇ ಓಡಾಡುವ ಜನ, ಇಂದೊಂದು ದಿನ ಅದನ್ನು ಹೊಸ್ತಿಲಾಚೆ ಬಿಟ್ಟು ಬಂದಿರುತ್ತಾರೆ.

“... ಎಲ್ಲರೂ ಬರಿಗಾಲಲ್ಲಿ. ನೆಲ? ... ಈಗ ತಾನೇ ತೊಳೆದಿದ್ದು. ... ಗಂಧ ಹಚ್ಚೋರು ಯಾರು? ... ನಿಮ್ಮಪ್ಪ. ಎಲ್ಲಿಗೆ ಹಚ್ತಾರೆ, ಕಟ್ಟಿಗೆಗಾ ಲೋಹಕ್ಕಾ? ... ನಾಣ್ಯ ಹಾಕೋ ಬಾಗಿಲಿಗೆ. ಲಕ್ಷ್ಮಿ ಬರೋ ಜಾಗ ಅಂತ. ... ಮನೀಶ್, ತೊಳೆದ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಒದ್ದೆ ಬೆರಳಲ್ಲಿ ಆ ಬಾಗಿಲು ಮುಟ್ಟಿದ್ರೆ ಚುರುಚುರು ಅನ್ನಲ್ಲ. ಹಿಡ್ಕೊಂಡುಬಿಡುತ್ತೆ.”

“ಅವರು ಈಗ ಎಲ್ಲಿದಾರೆ? ... ಗ್ರೈಂಡರ್ ಆಯ್ತು. ... ಫ್ರಿಜ್ ಆಯ್ತು. ... ಗಲ್ಲಾಪೆಟ್ಟಿಗೆಗೆ ಹಚ್ತಿದಾರೆ. ಆಮೇಲೆ? ... ಆಮೇಲೆ ಅದೇ ಮೆಶೀನು.”

“ಪ್ಲಗ್ ಎಲ್ಲಿದೆ? ... ಮೆಶೀನಿನ ಹಿಂದೆನಾ? ಬೇಡ, ಕೈ ಹಾಕ್ಬೇಡ, ಅದರ ಮೈ ತಾಗುತ್ತೆ. ಮೇನ್ ಸ್ವಿಚ್ ಇಳಿಸು. ... ಯಾಕಾಗಲ್ಲ? ... ಪೂಜೆ ಮಧ್ಯೆ ಕತ್ತಲೆ ಮಾಡಿದ್ರೆ ಅಪ್ಪ ಸುಮ್ನೆ ಬಿಡಲ್ಲ. ... ಅಪ್ಪನಿಗೆ ಸಿಟ್ಟು ಬರೋಕಾದ್ರೂ ಅಪ್ಪ ಇರ್ಬೇಕಲ್ಲ.”

“... ಎರಡು ನಿಮಿಷದಲ್ಲಿ ಮುಗಿಯುತ್ತೆ ಅಂತೀಯಾ. ಭಟ್ರು ಕಾಯ್ತಿದಾರೆ. ಫೋಟೋದವನು ಕಾಯ್ತಿದಾನೆ. ಥೂ. ನನಗೆ ಆ ಇಲಿಗೂಡೇ ವಾಸಿ. ... ಸರಿ, ನೀನು ಏನೂ ಇಳಿಸ್ಬೇಡ. ಅಪ್ಪನಿಗೆ ಫೋನ್ ಕೊಡು. ಶಾಮಲಾ ಹಬ್ಬದ ದಿನ ಆಶೀರ್ವಾದ ಕೇಳ್ತಿದಾಳೆ ಅನ್ನು. ... ಈಗಲೇ ಬೇಕು. ಇಲ್ಲಾಂದ್ರೆ ನಾನು ಫೋನ್ ಇಡಲ್ಲ.”

ವಡಾಲದಿಂದ ಮಲಾಡಿಗೆ ಓಡಿಹೋಗಿ ತಲುಪುವ ಮಾತೇ ಇರಲಿಲ್ಲ. ಆಕೆಗೆ ಉಳಿದಿದ್ದ ಉಪಾಯ ಇದೊಂದೇ: ಆ ವೃದ್ಧರ ಕೈಯಲ್ಲಿ ಫೋನು ಇರುವಷ್ಟು ಹೊತ್ತು ಆ ಕೈ ಲೋಹವನ್ನು ಮುಟ್ಟುವುದಿಲ್ಲ.

“ಚೆನ್ನಯಣ್ಣ, ನಮಸ್ಕಾರ. ... ಹಾಂ, ನಿಮ್ಮ ಆಶೀರ್ವಾದ. ಕೈಯಲ್ಲಿ ಗಂಧದ ಬಟ್ಟಲಿದೆಯಾ? ... ಅದನ್ನ ಕೌಂಟರ್ ಮೇಲೆ ಇಟ್ಬಿಡಿ. ... ಇಟ್ರಾ? ಒಳ್ಳೇದು.”

“ಒಂದು ಮಾತು ಹೇಳಿ ಅಣ್ಣ. ಹಿಂದೆ ನಿಮ್ಮ ಅಡುಗೆಮನೆಯಲ್ಲಿ ಗ್ರೈಂಡರ್ ಯಾರಿಗಾದ್ರೂ ಹೊಡೆದ್ರೆ ಮೊದಲು ಏನ್ ಮಾಡ್ತಿದ್ರಿ? ... ಮೇನ್ ಇಳಿಸ್ತಿದ್ರಿ, ಅಲ್ವಾ? ಬೈಗುಳ ಆಮೇಲೆ. ನಾನೂ ಅದನ್ನೇ ಕೇಳ್ತಿರೋದು. ನಿಮ್ಮ ಮಗ ತಂದು ನಿಲ್ಲಿಸಿದಾನಲ್ಲ, ಆ ಆಟದ ಮೆಶೀನು, ಅದರ ಮೈಯೆಲ್ಲ ಕರೆಂಟು. ಅದರ ಅವಳಿಯನ್ನ ನಾನಿಲ್ಲಿ ಬಿಚ್ಚಿ ನೋಡಿದೀನಿ.”

“... ಅಪಶಕುನ ಅನ್ನಿಸುತ್ತಾ? ಎಣ್ಣೆ ದೀಪ ಹಚ್ಚಿದೀರಲ್ಲ, ಮೇನ್ ಇಳಿಸಿದ್ರೆ ಅದೇನೂ ಆರಲ್ಲ. ದೇವರಿಗೆ ಅಷ್ಟು ಬೆಳಕು ಸಾಲದಾ ಅಣ್ಣ? ... ಮನೀಶ್ ಬೇಡ ಅಂತಿದಾನಾ? ಅವನು ಅನ್ಲಿ. ಹೋಟೆಲ್ ಕಟ್ಟಿದ್ದು ಯಾರು?”

“... ಅದೇನು ಗಂಟೆ ಸದ್ದು? ... ಮುಹೂರ್ತ ಮೀರುತ್ತೆ ಅಂತ ಭಟ್ರು ಯಾರಿಗೆ ಹೇಳಿದ್ರು? ... ಬಟ್ಟಲು ಕೌಂಟರ್ ಮೇಲೇ ಇದೆ ತಾನೇ? ... ಯಾರು ತಗೊಂಡ್ರು?”

“... ಸೊಸೆ. ಯಕ್ಷಿತಾ.”

ಮಾವ ಫೋನಿಗೆ ನಿಂತರೆ ಆ ಬಟ್ಟಲನ್ನು ಮನೆಯ ಮತ್ತೊಬ್ಬರು ಎತ್ತಿಕೊಳ್ಳುತ್ತಾರೆಂಬುದು ಶಾಮಲಾಳ ಲೆಕ್ಕದಲ್ಲೇ ಇರಲಿಲ್ಲ. ಒಬ್ಬರನ್ನು ತಡೆದು ಇನ್ನೊಬ್ಬಳನ್ನು ತಾನೇ ಮುಂದಕ್ಕೆ ನೂಕಿದಂತಾಗಿತ್ತು.

“ಚೆನ್ನಯಣ್ಣ, ಕೇಳಿ. ಕೂಗಬೇಡಿ, ಗಂಟೆ ಸದ್ದಿನಲ್ಲಿ ಅವಳಿಗೆ ಕೇಳಿಸಲ್ಲ. ಓಡಬೇಡಿ, ನೆಲ ಒದ್ದೆ ಇದೆ. ಮೇನ್ ಎಲ್ಲಿ? ... ನಿಮ್ಮ ಹಿಂದಿನ ಗೋಡೆಯಲ್ಲೇ. ಕೈಗೆ ಸಿಗುತ್ತಾ? ... ಒದ್ದೆ ಕೈ ಪಂಚೆಗೆ ಒರೆಸ್ಕೊಳ್ಳಿ. ... ಒರೆಸಿದ್ರಾ? ... ಅವಳು ಎಲ್ಲಿ? ... ಮೆಶೀನಿನ ಮುಂದೆ ರಂಗೋಲಿ ದಾಟ್ತಿದಾಳೆ. ಮುಟ್ಟಿಲ್ಲ ತಾನೇ? ... ಇನ್ನೂ ಮುಟ್ಟಿಲ್ಲ. ಎಳೀರಿ ಅಣ್ಣ. ಯಾರನ್ನೂ ಕೇಳಬೇಡಿ, ಕೆಳಗೆ ಎಳೀ...”

ಸದ್ದಡಗಿತು. ಗಂಟೆಯಿಲ್ಲ, ಗಲಭೆಯಿಲ್ಲ, ಉಸಿರೂ ಇಲ್ಲ.

ಆಕೆ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ಆ ಕೌಂಟರಿನ ಫೋನು ಗೋಡೆಯ ಇಂಟರ್ನೆಟ್ ಡಬ್ಬಿಯ ಮೂಲಕ ನಡೆಯುವಂಥದ್ದು. ಹೋಟೆಲಿನ ಕರೆಂಟು ಹೋದ ಕ್ಷಣವೇ ಅದರ ಜೀವವೂ ಹೋಗುತ್ತದೆ. ಅದು ಸತ್ತಿದೆಯೆಂದರೆ, ಮೇನ್ ಇಳಿದಿದೆ.