ತಿಂಗಳಿಗೊಂದು ಮದುವಿ ಕಾರ್ಡು

ಬಳ್ಳಾರಿ ಬಸ್ ಸ್ಟ್ಯಾಂಡಿನಲ್ಲಿ ಸಿರುಗುಪ್ಪದ ಬಸ್ಸಿಗೆ ಕಾಯುತ್ತಿದ್ದ ಗಿಡ್ಡಮ್ಮನಿಗೆ ಪಕ್ಕದ ಬೆಂಚಿನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ವಯಸ್ಸಾದ ಹೆಂಗಸೊಬ್ಬಳು ಮೂಲೆಗೆ ಅರಿಶಿನ ಹಚ್ಚಿದ ಕವರೊಂದನ್ನು ಕನ್ನಡಕದವನ ಮುಂದೆ ಹಿಡಿದಿದ್ದಳು.

“ಸಂಪಾದಕರು ನೀವ ಹೌದಲ್ರಿ? ಪತ್ರಿಕಿ ಯಾಕ ಮದುವಿ ಕಾರ್ಡಿನ ಕವರಿನ್ಯಾಗ ಕಳಸ್ತೀರಿ?”

“ಸೀರಿ ಉಡೋ ಗಂಡಸರ ಪತ್ರಿಕಿ, ದಾಕ್ಷಾಯಣಮ್ಮಾರ. ಓದುಗರ ಚಂದಾದ ಮ್ಯಾಲ ನಡೀತೈತಿ. ಮುಚ್ಚಿ ಕಳಸ್ರಿ ಅಂತ ಅವರ ಕೇಳ್ಯಾರ.”

“ತಿಂಗಳಿಗೊಂದು ಕಾರ್ಡ್ ಬರ್ತೈತಿ, ಒಂದು ಮದುವಿಗೂ ಹೋಗಂಗಿಲ್ಲ. ಓಣಿಯವರು ನನ್ನ ಸೊಕ್ಕಿನಾಕಿ ಅಂತಾರ.”

“ಕವರಿಲ್ದ ಕಳಿಸಿದ್ರ ಪತ್ರಿಕಿ ತರಸೋ ನಿಮ್ಮ ಮಗನ್ನ ಏನೇನೋ ಅಂತಾರ.”

“ಅನ್ಲಿ. ಸೀರಿ ಉಡ್ತಾನ, ಕಳ್ಳತನ ಮಾಡಂಗಿಲ್ಲ. ನೆರಿಗಿ ಹಿಡಿಯೋದು ಕಲಿಸಿದಾಕಿ ನಾನ.”

“ಕುರುಗೋಡಿನಂಥ ಸಣ್ಣ ಊರಿನ ಓದುಗರು ಹೆದರ್ತಾರ್ರಿ.”

“ಅವರಿಗೆ ಕವರ್ ಹಾಕ್ರಿ. ನಮ್ಮ ಮನಿಗೆ ಬ್ಯಾಡ.”

“ಮಗನ್ನ ಕೇಳೀರೇನು?”

“ಅವನ ನನ್ನ ಕಳಿಸ್ಯಾನ. ಮುಖಪುಟಕ್ಕ ಸೀರಿ ಉಟ್ಟ ಫೋಟೋನೂ ಕೊಟ್ಟಾನ, ತಗೋರಿ. ಮುಖಕ್ಕ ಕಪ್ಪು ಪಟ್ಟಿ ಹಾಕಬ್ಯಾಡ್ರಿ.”

ಸಂಪಾದಕ ಫೋಟೋ ನೋಡುತ್ತ ಕೂತುಬಿಟ್ಟ. ಅಷ್ಟರಲ್ಲಿ ಬಸ್ಸು ಬಂತು. ದಾಕ್ಷಾಯಣಮ್ಮ ಕವರು ಹರಿದು ಅವನ ಕೈಗಿಟ್ಟು, ಒಳಗಿದ್ದ ಪತ್ರಿಕೆಯನ್ನು ಎಲ್ಲರಿಗೂ ಕಾಣುವಂತೆ ಎದೆಗೆ ಹಿಡಿದು ಬಸ್ಸು ಹತ್ತಿದಳು. ಹಿಂದೆಯೇ ಹತ್ತಿದ ಗಿಡ್ಡಮ್ಮನಿಗೆ ಕಿಟಕಿಯಿಂದ ಆಕೆ ಹೇಳಿದ್ದೂ ಕೇಳಿಸಿತು.

“ಕಲರ್‌ನ್ಯಾಗ ಹಾಕ್ರಿ. ಆ ಸೀರಿ ನನ್ನ ಮದುವೀದು.”