ಅಪವರ್ತನ

ಎಂಬತ್ತೈದರಲ್ಲಿ, ವಿಜಯನಗರದ ಬಸ್ ಸ್ಟಾಪಿನಲ್ಲಿ ಹೈಸ್ಕೂಲಿನ ಇಬ್ಬರು ಹುಡುಗಿಯರು ನನ್ನ ಮುಂದೆ ನಿಂತಿದ್ದರು. ನಾಗವೇಣಿ ಎಂಬವಳ ಕೈಯಲ್ಲಿ ಆಲ್ಜೀಬ್ರಾ ಟೆಸ್ಟಿನ ಪೇಪರಿತ್ತು.

"ಫ್ಯಾಕ್ಟರೈಸ್ ಅಂದ್ರೆ ನಮ್ಮ ಅಪವರ್ತನಾನೇ ಅಂತ ಮೊನ್ನೆ ಕೇಳ್ದಾಗ ಯಾಕೆ ಹೇಳ್ಲಿಲ್ಲ ಪಂಕಜಾ? ಬರೋ ಲೆಕ್ಕಕ್ಕೆ ಸೊನ್ನೆ ಬಂತು."

"ಕನ್ನಡ ಮೀಡಿಯಂ ಬಿಟ್ಟು ನಮ್ಮ ಕ್ಲಾಸಿಗ್ಯಾಕೆ ಬಂದೆ? ನಾನೇನು ನಿನ್ನ ಡಿಕ್ಷನರಿನಾ?"

"ನಿನ್ನ ಫಸ್ಟ್ ಪ್ಲೇಸ್ ಹೋಗುತ್ತೆ ಅಂತ ಭಯ ನಿಂಗೆ."

"ಹೌದು. ಏನಿವಾಗ?"

"ಸೋಮವಾರದ ಟೆಸ್ಟಲ್ಲೂ ಫೇಲಾದ್ರೆ ನನ್ನ ವಾಪಸ್ ಕನ್ನಡ ಸೆಕ್ಷನ್ನಿಗೆ ಹಾಕ್ತಾರೆ."

"ಹೋಗು, ಪೀಡೆ ತೊಲಗುತ್ತೆ."

ನಾಗವೇಣಿ ಮುಖ ತಿರುಗಿಸಿಕೊಂಡಳು. ಅಷ್ಟರಲ್ಲಿ ಪಂಕಜಾಳ ಬಸ್ಸು ಬಂತು. ಅವಳು ಮೆಟ್ಟಿಲು ಹತ್ತಿ, ಇವಳತ್ತ ನೋಡದೆಯೇ ಗದರಿದಳು:

"ಸಿಂಪ್ಲಿಫೈ ಅಂದ್ರೆ ಸಂಕ್ಷೇಪಿಸಿ ಅಂತ ಕಣೇ. ಸೋಮವಾರ ಅದೇ ಬರೋದು."