ಬಿದ್ದೆದ್ದ ಕಮಾನು

ಬೆಟ್ಟದೂರಿನ ಹೆಬ್ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕಲ್ಲುಕೆಲಸದ ಒರ್ನೆಲ್ಲಾ ಬ್ರೆಡ್ಡು ತಿನ್ನುತ್ತ ಕೂತಿದ್ದಳು. ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಮುದುಕರು ಅವಳಿಗೆ ಬೆನ್ನು ಹಾಕಿ ನಿಂತಿದ್ದರು. ಒಬ್ಬ ಇದೇ ಊರಿನ ತುಲ್ಲಿಯೋ. ಇನ್ನೊಬ್ಬ, ಬಹಳ ವರ್ಷಗಳ ಮೇಲೆ ಮಿಲಾನಿನಿಂದ ಊರು ನೋಡಲು ಬಂದಿದ್ದ ಅವನ ಅಣ್ಣ ಬ್ರೂನೋ.

“ಎಂಟುನೂರು ವರ್ಷದ ಕಮಾನು ನೋಡೋ! ಭೂಕಂಪಕ್ಕೂ ಜಗ್ಗಿಲ್ಲ.”

“ಜಗ್ಗೋದೇನು, ಪೂರ್ತಿ ಬಿದ್ದೇಹೋಗಿತ್ತು ಕಣಣ್ಣಾ.”

“ಮತ್ತೆ ನಿಲ್ಲಿಸಿದ್ದು ಯಾರು?”

“ಮೇಸ್ತ್ರಿ ದುಯೀಲಿಯೋ ಮಗಳು ಒರ್ನೆಲ್ಲಾ. ಒಂದೊಂದು ಕಲ್ಲಿಗೂ ನಂಬರ್ ಹಾಕಿ, ಅದರದರ ಜಾಗದಲ್ಲೇ ಕೂರಿಸಿದ್ಲು.”

“ಆ ಪುಟ್ಟಿನಾ? ಅವಳು ಕರಣೆ ಹಿಡಿದಾಗ ನಾವೆಲ್ಲಾ ನಗ್ತಿದ್ವಲ್ಲೋ!”

“ನಕ್ಕಿದ್ದು ನೀನು. ಗಾರೆಗೆ ನೀರು ಹೊತ್ತಿದ್ದು ನಾನು.”

“ಒಡೆದ ಕಲ್ಲಿಗೆ ಬದಲಿ ಹಾಕಿರ್ಬೇಕಲ್ಲ?”

“ಮೂರು ಹಾಕಿದಾಳೆ. ಕಂಡುಹಿಡಿ, ವೈನ್ ಕೊಡಿಸ್ತೀನಿ.”

ಬ್ರೂನೋ ಕನ್ನಡಕ ಏರಿಸಿ, ಕೈಗೆಟುಕಿದ ಕಲ್ಲುಗಳನ್ನೆಲ್ಲ ಸವರಿ ಸವರಿ ನೋಡಿದ. ಅಷ್ಟರಲ್ಲಿ ಬಸ್ಸು ಬಂದು ಹಾರ್ನ್ ಹೊಡೆಯಿತು.

“ಸಿಗಲಿಲ್ಲ ಕಣೋ. ಆ ಹುಡುಗಿಗೆ ಹೇಳ್ಬಿಡು, ಬ್ರೂನೋ ಸೋತ ಅಂತ.”

ಅವನು ಟೋಪಿ ತೆಗೆದು ಕಮಾನಿಗೆ ತಲೆಬಾಗಿ ಬಸ್ಸು ಹತ್ತಿದ. ಬಾಯಲ್ಲಿದ್ದ ತುತ್ತನ್ನು ಅಗಿಯುವುದನ್ನೂ ಮರೆತು ಒರ್ನೆಲ್ಲಾ ನೋಡುತ್ತಿದ್ದಳು. ಅಣ್ಣನ ಹಿಂದೆ ಹತ್ತುತ್ತಿದ್ದ ತುಲ್ಲಿಯೋ ನೆಟ್ಟಗೆ ಅವಳತ್ತ ತಿರುಗಿ ಕಣ್ಣು ಮಿಟುಕಿಸಿದ.